ಪ್ರಣಯ ವಿನೋದ ಮತ್ತು ಸಂಬಳದ ಚಿಂತೆ

ಪ್ರಣಯ ವಿನೋದದ ಚಿತ್ರಕಥೆ ಬರೆಯುವುದು ಸುಲಭವೆಂಬ ಭಾವನೆ ಹೇಗೋ ಬೇರೂರಿದೆ. ಒಬ್ಬ ಹುಡುಗ, ಒಬ್ಬ ಹುಡುಗಿ, ಒಂದಿಷ್ಟು ಜಗಳ, ಕೊನೆಗೆ ಮಿಲನ. ನಡುವೆ ನಗಿಸಲು ನಾಯಕನಿಗೊಬ್ಬ ಸ್ನೇಹಿತ. ಜೋಡಿ ಸೇರುತ್ತದೆಂಬುದು ಟಿಕೆಟ್ಟು ಕೊಳ್ಳುವಾಗಲೇ ಪ್ರೇಕ್ಷಕನಿಗೆ ಗೊತ್ತು. ಗೊತ್ತಿರುವುದಕ್ಕಾಗಿಯೇ ಅವನನ್ನು ಎರಡು ಗಂಟೆ ಕಾಯಿಸಬೇಕಾದರೆ ಬರಹಗಾರನ ಕೈಯಲ್ಲಿ ಏನಿರಬೇಕು?

1940ರ ‘ದಿ ಷಾಪ್ ಅರೌಂಡ್ ದಿ ಕಾರ್ನರ್’ ಚಿತ್ರಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ. ಹಂಗೇರಿಯ ನಾಟಕವೊಂದನ್ನು ಆಧರಿಸಿ ಸ್ಯಾಮ್ಸನ್ ರಾಫೆಲ್ಸನ್ ಬರೆದ ಕಥೆ. ನಿರ್ದೇಶಕ ಅರ್ನ್ಸ್ಟ್ ಲುಬಿಚ್. ಬುಡಾಪೆಸ್ಟಿನ ಒಂದು ಅಂಗಡಿ. ಕ್ರಾಲಿಕ್ ಅಲ್ಲಿಯ ಹಿರಿಯ ಗುಮಾಸ್ತ. ಕ್ಲಾರಾ ಹೊಸದಾಗಿ ಸೇರಿದವಳು. ಎದುರುಬದುರಾದರೆ ಹಾವು ಮುಂಗುಸಿ. ಹೆಸರು ತಿಳಿಸದೆ ಅಂಚೆಯಲ್ಲಿ ಪ್ರೇಮಪತ್ರ ಬರೆದುಕೊಳ್ಳುತ್ತಿರುವವರೂ ಇವರೇ.

ಜಗಳ ಹುಟ್ಟುವುದು ಹೇಗೆಂದು ನೋಡಿ. ಮುಚ್ಚಳ ತೆರೆದರೆ ಹಾಡುವ ಸಿಗರೇಟು ಪೆಟ್ಟಿಗೆಯೊಂದು ಮಾಲೀಕನ ಮನಸ್ಸಿಗೆ ಬಂದಿದೆ. ಅದು ಮಾರಾಟವಾಗದೆಂದು ಕ್ರಾಲಿಕ್‌ನ ವಾದ. ಕೆಲಸ ಕೇಳಿಕೊಂಡು ಬಂದ ಕ್ಲಾರಾ ಅದನ್ನೇ ಮಿಠಾಯಿ ಪೆಟ್ಟಿಗೆಯೆಂದು ಗಿರಾಕಿಯೊಬ್ಬಳಿಗೆ ಮಾರಿ ನೌಕರಿ ಗಿಟ್ಟಿಸುತ್ತಾಳೆ. ಕೊನೆಯಲ್ಲಿ, ಕಾಣದ ಗೆಳೆಯನಿಗೆ ಅದೇ ಪೆಟ್ಟಿಗೆಯನ್ನು ಉಡುಗೊರೆ ಕೊಡುವೆನೆಂದು ಹಟ ಹಿಡಿಯುತ್ತಾಳೆ; ಅದು ತನ್ನ ಕೊರಳಿಗೇ ಬೀಳುವುದೆಂದು ಅರಿತ ಕ್ರಾಲಿಕ್ ಹೇಗಾದರೂ ಅದನ್ನು ತಪ್ಪಿಸಬೇಕು. ಒಂದು ಅಗ್ಗದ ವಸ್ತುವಿನಿಂದ ಇಷ್ಟು ಕೆಲಸ ತೆಗೆಯುವವನಿಗೆ ನಗೆಹನಿಗಳ ಹಂಗಿಲ್ಲ.

ಆದರೆ ಚಿತ್ರದ ಜೀವ ಇನ್ನೊಂದು ಕಡೆಯಿದೆ. ಇಲ್ಲಿ ಎಲ್ಲರಿಗೂ ಕೆಲಸ ಹೋಗುವ ಭಯ. ಪತ್ರದ ಗೆಳತಿಯನ್ನು ಕಾಣಲು ಗೊತ್ತುಪಡಿಸಿದ ದಿನವೇ ಕ್ರಾಲಿಕ್‌ನ ನೌಕರಿ ಹೋಗುತ್ತದೆ. ಸಂಬಳವಿಲ್ಲದವನು ಯಾವ ಮುಖ ಹೊತ್ತು ಹೋಗಬೇಕು? ಕಾಫಿ ಹೋಟೆಲಿನ ಕಿಟಕಿಯಲ್ಲಿ ಇಣುಕುವ ಕೆಲಸ ಸಹೋದ್ಯೋಗಿಯದು; ಒಳಗೆ ಕುಳಿತವಳು ಕ್ಲಾರಾ. ಆ ಗಳಿಗೆಯಿಂದ ಅವನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವನು ಎದುರು ಕುಳಿತು ಅವಳ ಬೈಗುಳ ತಿನ್ನುತ್ತಾನೆ. ನಾವು ನಗುತ್ತೇವೆ, ಆ ನಗುವಿನಲ್ಲಿ ಒಂದು ಮುಳ್ಳಿದೆ. ಯಾರಿಗೆ ಯಾವಾಗ ಏನು ತಿಳಿಯಬೇಕೆಂಬ ಈ ಲೆಕ್ಕವೇ ಚಿತ್ರಕಥೆ. ಸಂಭಾಷಣೆ ಆಮೇಲಿನ ಮಾತು.

ಇದೇ ಕಥೆ 1998ರಲ್ಲಿ ‘ಯೂ ಹ್ಯಾವ್ ಗಾಟ್ ಮೇಲ್’ ಆಗಿ ಬಂತು. ನೋರಾ ಎಫ್ರಾನ್ ಮತ್ತು ಡೀಲಿಯಾ ಎಫ್ರಾನ್ ಸಹೋದರಿಯರ ಬರಹ. ಅಂಚೆಯ ಬದಲು ಗಣಕಯಂತ್ರದ ಪತ್ರ, ನ್ಯೂಯಾರ್ಕಿನ ಪುಸ್ತಕದಂಗಡಿ. ಮಾತು ಚುರುಕು, ಮೆಗ್ ರಯಾನ್ ಮುದ್ದು. ಆದರೂ ಒಂದು ಕಸಿವಿಸಿ ಉಳಿಯುತ್ತದೆ. ಇಲ್ಲಿ ನಾಯಕ ಗುಮಾಸ್ತನಲ್ಲ, ದೊಡ್ಡ ವ್ಯಾಪಾರಿ. ನಾಯಕಿಯ ತಾಯಿ ಕಟ್ಟಿದ ಪುಟ್ಟ ಅಂಗಡಿ ಮುಚ್ಚುವುದು ಅವನ ವ್ಯಾಪಾರದಿಂದಲೇ. ಗುಟ್ಟು ತಿಳಿದ ಮೇಲೂ ಅವನು ತಿಂಗಳುಗಟ್ಟಲೆ ಅವಳನ್ನು ಕತ್ತಲಲ್ಲಿಟ್ಟು ಒಲಿಸಿಕೊಳ್ಳುತ್ತಾನೆ. ಕ್ರಾಲಿಕ್‌ನ ಮೌನ ಸೋತವನ ಮೌನವಾಗಿ ಶುರುವಾಯಿತು, ಇದು ಗೆದ್ದವನದು. ಬರಹಗಾರ್ತಿಯರಿಗೆ ಇದು ಕಾಣದೆ ಇರಲಿಲ್ಲ, ಅಂಗಡಿ ಬರಿದಾಗುವ ದೃಶ್ಯವನ್ನು ನೋವಿನಿಂದಲೇ ಬರೆದಿದ್ದಾರೆ. ಆದರೆ ಕಣ್ಣೀರೊರೆಸಲು ಕರವಸ್ತ್ರ ಹಿಡಿದು ಬರುವವನು ಅಂಗಡಿ ಮುಚ್ಚಿಸಿದವನೇ.

ಹಳೆಯ ಚಿತ್ರದ ಕೊನೆಯಲ್ಲಿ ಕ್ಲಾರಾ ಕ್ರಾಲಿಕ್‌ನಿಂದ ಒಂದೇ ಒಂದು ಪುರಾವೆ ಕೇಳುತ್ತಾಳೆ: ಅವನ ಕಾಲು ಸೊಟ್ಟಗಿಲ್ಲ ತಾನೆ? ಅವನು ಪ್ಯಾಂಟು ಮೇಲೆತ್ತಿ ತೋರಿಸುತ್ತಾನೆ.