ಮೆಜೆಸ್ಟಿಕ್‌ನಲ್ಲಿ ಸಿಗದ ಬೆಂಗಳೂರು

ಆಟೊ ಓಡಿಸುವವನು ತನ್ನ ಸ್ಟಾರ್ಟ್‌ಅಪ್‌ಗೆ ಬಂಡವಾಳ ಹುಡುಕುತ್ತಿದ್ದಾನೆ. ಕಾಫಿಗೆ ಸಾಲಿನಲ್ಲಿ ನಿಂತಾಗ ಹಿಂದಿನವನು ಇಣುಕಿ ನೋಡಿ ಕೋಡ್ ತಿದ್ದಿಕೊಟ್ಟ. ಬಾಡಿಗೆಗೆ ಬಂದ ಹುಡುಗನ ಕಂಪನಿಗೆ ಮನೆ ಓನರೇ ದುಡ್ಡು ಹಾಕಿದ. ಇಂಥದ್ದೊಂದು ಪ್ರಸಂಗ, ಹಿಂದಿನ ಸೀಟಿನಿಂದ ತೆಗೆದ ಮಸುಕು ಫೋಟೊ, ಅಡಿಯಲ್ಲಿ ‘ಪೀಕ್ ಬೆಂಗಳೂರು’ ಎಂಬ ಮೊಹರು. ಅಲ್ಲಿಗೆ ಕಥೆ ಮುಗಿಯಿತು, ಮರುದಿನದ ಪತ್ರಿಕೆಯ ಜಾಲತಾಣಕ್ಕೆ ಸುದ್ದಿಯೂ ಆಯಿತು. ಕೆಲವು ವರ್ಷಗಳಿಂದ ಬೆಳೆಯುತ್ತಲೇ ಇರುವ ಈ ಪ್ರಕಾರವನ್ನು ಯಾರೂ ಸಾಹಿತ್ಯ ಅನ್ನುವುದಿಲ್ಲ. ಹಾಗೆಂದು ಬಿಟ್ಟುಬಿಡುವಂತೆಯೂ ಇಲ್ಲ. ಹೊರಗಿನವರು ಇವತ್ತು ಈ ಊರನ್ನು ತಿಳಿದುಕೊಳ್ಳುವುದು ಹೆಚ್ಚಾಗಿ ಈ ನಾಲ್ಕು ಸಾಲಿನ ಕಥೆಗಳಿಂದಲೇ. ಕಾದಂಬರಿಗೆ ಇಲ್ಲದ ಭಾಗ್ಯ ಇದಕ್ಕಿದೆ. ಕಾದಂಬರಿಗೆ ಸಿಗುವ ವಿಮರ್ಶೆ ಮಾತ್ರ ಸಿಕ್ಕಿಲ್ಲ.

ರಾಜಾಜಿನಗರದಲ್ಲೋ ಯಶವಂತಪುರದಲ್ಲೋ ಇಪ್ಪತ್ತು ಮೂವತ್ತು ವರ್ಷದಿಂದ ಇರುವವರನ್ನು ಕೇಳಿ ನೋಡಿ: ಇದರಲ್ಲಿ ಒಂದನ್ನಾದರೂ ಕಣ್ಣಾರೆ ಕಂಡಿದ್ದೀರಾ? ‘ಇಲ್ಲಪ್ಪ, ಮೊಬೈಲ್‌ನಲ್ಲಿ ಬಂದಿತ್ತು’ ಅನ್ನುತ್ತಾರೆ. ಹಾಗಾದರೆ ಇವೆಲ್ಲ ಸುಳ್ಳೇ ಅಂದರೆ ಅದೂ ಅಲ್ಲ. ತೊಡಕಿರುವುದು ಅಲ್ಲೇ.

ಬೆಂಗಳೂರಿಗೆ ಕಟ್ಟುಕಥೆ ಹೊಸದೇನಲ್ಲ. 1990ರ ದಶಕದಲ್ಲಿ, ಮನೆಯವರದೇ ದನಿಯಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವದ ಸುದ್ದಿ ಹಬ್ಬಿದಾಗ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಆ ಕಾಲದವರು ಮರೆತಿಲ್ಲ. ದೆವ್ವ ಬಂದು ಅದನ್ನು ಓದಿಕೊಂಡು ವಾಪಸ್ ಹೋಗಿ, ಮರುದಿನ ಮತ್ತೆ ಬಂದು ಮತ್ತೆ ಓದಿಕೊಳ್ಳಬೇಕು. ದೆವ್ವಕ್ಕೆ ಕನ್ನಡ ಓದಲು ಬರುತ್ತದೆ ಎಂಬ ನಂಬಿಕೆಯಾದರೂ ಆಗ ಇತ್ತು! 2018ರ ಹಿಂದಿ ಸಿನಿಮಾ ‘ಸ್ತ್ರೀ’ ಇದೇ ವಸ್ತುವನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದಿತು. ಆ ದೆವ್ವವನ್ನು ಯಾರೂ ನೋಡಲಿಲ್ಲ, ಆದರೆ ಬಾಗಿಲ ಮೇಲಿನ ಅಕ್ಷರ ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು. ಕಥೆ ಸುಳ್ಳು, ನಡವಳಿಕೆ ನಿಜ. ಪೀಕ್ ಬೆಂಗಳೂರಿನಲ್ಲಿ ಇದು ತಲೆಕೆಳಗಾಗಿದೆ. ಕಥೆ ಬಹುಮಟ್ಟಿಗೆ ನಿಜವೇ ಇರಬಹುದು, ಎಲ್ಲೋ ಯಾರಿಗೋ ಒಮ್ಮೆ ಆದದ್ದು. ಊರಿನ ನಡವಳಿಕೆ ಎಂದು ಅದನ್ನು ಹೇಳುವಾಗ ಸುಳ್ಳು ಸೇರಿಕೊಳ್ಳುತ್ತದೆ.

ಇದರಲ್ಲಿ ಗಟ್ಟಿ ಕಾಳೂ ಇದೆ. 2022ರ ಆಗಸ್ಟ್‌ನಲ್ಲಿ ಶಸ್ತ್ರವೈದ್ಯರೊಬ್ಬರು ಸರ್ಜಾಪುರ ರಸ್ತೆಯ ಕಡೆ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದು, ಆಪರೇಷನ್‌ಗೆ ತಡವಾಗುತ್ತದೆಂದು ಕಾರು ಬಿಟ್ಟು ಮೂರು ಕಿ.ಮೀ. ಓಡಿದರು. ಮುಂದಿನ ಜನವರಿಯಲ್ಲಿ ಮದುವಣಗಿತ್ತಿಯೊಬ್ಬಳು ಕಾರಿನಿಂದ ಇಳಿದು, ಒಡವೆ ಸಮೇತ ಮೆಟ್ರೊ ಹತ್ತಿ ಛತ್ರ ತಲುಪಿದಳು. ಇವು ಒಳ್ಳೆಯ ಕಥೆಗಳು. ಯಾಕೆಂದರೆ ಇಲ್ಲಿ ಕಥಾನಾಯಕ ರಸ್ತೆ. ಓದಿದವರಿಗೆಲ್ಲ ಆ ರಸ್ತೆಯ ಪರಿಚಯವಿದೆ. ಡಾಕ್ಟರ್ ಓಡಿದ್ದು ಅಪರೂಪವಾದರೂ ಅವರನ್ನು ಓಡಿಸಿದ ಟ್ರಾಫಿಕ್ ದಿನನಿತ್ಯದ್ದು. 2024ರ ಟಾಮ್‌ಟಾಮ್ ಟ್ರಾಫಿಕ್ ಸೂಚ್ಯಂಕದಲ್ಲಿ ಬೆಂಗಳೂರಿನ 10 ಕಿ.ಮೀ.ಗೆ ಸರಾಸರಿ 34 ನಿಮಿಷ ಚಿಲ್ಲರೆ. ಅದೇ ಪಟ್ಟಿಯಲ್ಲಿ ಕೋಲ್ಕತ್ತ ನಮಗಿಂತ ಒಂದು ಮೆಟ್ಟಿಲು ಮೇಲಿತ್ತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕೋಲ್ಕತ್ತದ ಜಾಮ್‌ಗೆ ಇಂಥ ಕಥಾಸಾಹಿತ್ಯ ಬೆಳೆಯಲಿಲ್ಲ, ಇಲ್ಲಿ ಬೆಳೆಯಿತು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಜಾಮ್‌ನಲ್ಲಿ ಕೂತಿರುವವರ ತೊಡೆಯ ಮೇಲೆ ಲ್ಯಾಪ್‌ಟಾಪ್ ಇದೆ, ಕೈಯಲ್ಲಿ ಪುರುಸೊತ್ತಿದೆ. ಬರೆಯುವ ವರ್ಗ ಎಲ್ಲಿ ಸಿಕ್ಕಿಬೀಳುತ್ತದೋ ಸಾಹಿತ್ಯ ಅಲ್ಲಿ ಹುಟ್ಟುತ್ತದೆ.

ಇನ್ನು ಆಟೊ ಕಥೆಗಳು. ಈ ಪ್ರಕಾರದ ಮುಕ್ಕಾಲು ಪಾಲು ಇವೇ ಇದ್ದಂತಿವೆ. 2022ರ ಮಾರ್ಚ್‌ನಲ್ಲಿ ಎಲ್ಲ ಕಡೆ ಓಡಾಡಿದ ಒಂದನ್ನು ಹತ್ತಿರದಿಂದ ನೋಡಬೇಕು. ಕೆಲಸಕ್ಕೆ ಹೊತ್ತಾಗಿ ಗಾಬರಿಯಲ್ಲಿದ್ದ ಯುವತಿಯೊಬ್ಬಳು ಆಟೊ ಹತ್ತಿದಳು. ಎಪ್ಪತ್ತು ದಾಟಿದ ಚಾಲಕ ಸೊಗಸಾದ ಇಂಗ್ಲಿಷಿನಲ್ಲಿ ಮಾತಾಡಿದರು. ಎಂ.ಎ., ಎಂ.ಎಡ್. ಮಾಡಿದವರು, ಮುಂಬೈಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಹೆಂಡತಿಯನ್ನು ‘ಗರ್ಲ್‌ಫ್ರೆಂಡ್’ ಎಂದು ಕರೆಯುವವರು. ಲಕ್ಷಾಂತರ ಜನ ಓದಿ ಕಣ್ಣು ಒದ್ದೆ ಮಾಡಿಕೊಂಡರು. ಎಲ್ಲರಿಗೂ ನೆನಪಿರುವುದು ಆ ಇಂಗ್ಲಿಷು, ಆ ಗರ್ಲ್‌ಫ್ರೆಂಡ್ ಮಾತು.

ಅದೇ ಬರಹದಲ್ಲಿ ಇನ್ನೆರಡು ಸಂಗತಿಗಳಿದ್ದವು. ಮುಂಬೈಗೆ ಯಾಕೆ ಹೋದಿರಿ ಎಂದರೆ, ಕರ್ನಾಟಕದಲ್ಲಿ ಕೆಲಸ ಕೇಳಿದಲ್ಲೆಲ್ಲ ತಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ, ‘ನಿಮ್ಮ ಜಾತಿ ಯಾವುದು?’ ಎಂದು ಆ ಹಿರಿಯರು ಹೇಳಿದ್ದರು. ಈ ವಯಸ್ಸಿನಲ್ಲಿ ಆಟೊ ಯಾಕೆ ಎಂದರೆ, ಖಾಸಗಿ ಕಾಲೇಜಿನ ಮೇಷ್ಟರಿಗೆ ಸಂಬಳವೂ ಕಮ್ಮಿ, ಪಿಂಚಣಿಯೂ ಇಲ್ಲ ಎಂದಿದ್ದರು. ಒಂದು ರಾಜ್ಯದ ಕಾಲೇಜುಗಳ ನೇಮಕಾತಿಯ ಮೇಲೆ, ಖಾಸಗಿ ಶಿಕ್ಷಣದ ಲೆಕ್ಕಾಚಾರದ ಮೇಲೆ ಇದಕ್ಕಿಂತ ನೇರವಾದ ಆಪಾದನೆ ಬೇಕೆ? ಓದುಗರು ಅದನ್ನು ದಾಟಿಕೊಂಡು ಹೋಗಿ ‘ಎಂಥ ಜೀವನೋತ್ಸಾಹ!’ ಅಂದರು. ಬರೆದವಳ ತಪ್ಪು ಇದರಲ್ಲಿಲ್ಲ, ಆಕೆ ಕೇಳಿದ್ದನ್ನೆಲ್ಲ ಬರೆದಿದ್ದಳು. ಪ್ರಕಾರದ ಗುಣವೇ ಹಾಗಿದೆ: ಬೆರಗಿಗೆ ಒದಗುವುದನ್ನು ಇಟ್ಟುಕೊಂಡು ಉಳಿದದ್ದನ್ನು ಜರಡಿ ಹಿಡಿದು ಚೆಲ್ಲಿಬಿಡುತ್ತದೆ.

ಆ ಬೆರಗಿನ ಬುಡವನ್ನೂ ಕೆದಕಬೇಕು. ಆಟೊದವನು ಷೇರಿನ ಬಗ್ಗೆ ಮಾತಾಡಿದ, ವಾಚಿನಲ್ಲಿ ಕ್ಯೂಆರ್ ಕೋಡ್ ತೋರಿಸಿದ ಎಂದು ಹುಬ್ಬೇರಿಸುವವರು ಹತ್ತುವ ಮೊದಲು ಅವನ ಬಗ್ಗೆ ಏನಂದುಕೊಂಡಿದ್ದರು? ಮಾತಾಡುವವನು ಯಾವಾಗಲೂ ಹಿಂದಿನ ಸೀಟಿನವನು. ಮುಂದೆ ಕೂತವನು ಪಾತ್ರ ಮಾತ್ರ. ಇದೇ ಪಾತ್ರಕ್ಕೆ ಇನ್ನೊಂದು ವೇಷವೂ ಇದೆ. ಹಿಂದಿ ಬರಲ್ಲ ಎಂದು ಜಗಳವಾಡುವ, ರೈಡ್ ಕ್ಯಾನ್ಸಲ್ ಮಾಡಿದರೆ ಬೈಯುವ ಆಟೊದವನ ವಿಡಿಯೊಗಳೂ ಅಷ್ಟೇ ಓಡಾಡುತ್ತವೆ. ದೇವರು ಇಲ್ಲವೇ ರಾಕ್ಷಸ. ನಮಗೆ ದಿನಾ ಸಿಗುವ ಆಟೊದವನು ಎರಡೂ ಅಲ್ಲ. ‘ಆ ಕಡೆ ಬರಲ್ಲ ಸಾರ್’ ಅನ್ನುತ್ತಾನೆ, ‘ಮೀಟರ್ ಮೇಲೆ ಮೂವತ್ತು ಕೊಡಿ’ ಅನ್ನುತ್ತಾನೆ, ಗ್ಯಾಸ್ ಬಂಕ್‌ನ ಸಾಲು ನೋಡಿ ಗೊಣಗುತ್ತಾನೆ. 2021ರ ಕೊನೆಯಲ್ಲಿ 30 ರೂಪಾಯಿ ಆಗಿದ್ದ ಕನಿಷ್ಠ ದರ 36ಕ್ಕೆ ಏರಿದ್ದು 2025ರ ಆಗಸ್ಟ್‌ನಲ್ಲಿ. ಅಷ್ಟು ವರ್ಷ ತರಕಾರಿ, ಸ್ಕೂಲ್ ಫೀಸು, ಮನೆ ಬಾಡಿಗೆ ಯಾವುದೂ ಅವನಿಗಾಗಿ ಕಾದಿರಲಿಲ್ಲ. ಕಮಿಷನ್ ಕಾಟ ತಪ್ಪಲೆಂದು 2022ರಲ್ಲಿ ಚಾಲಕರ ಸಂಘವೇ ಕೈಜೋಡಿಸಿದ್ದರಿಂದ ‘ನಮ್ಮ ಯಾತ್ರಿ’ ಆ್ಯಪ್ ಬಂತು. ಸ್ಟಾರ್ಟ್‌ಅಪ್ ಕನಸು ಕಾಣುವ ಒಬ್ಬ ಚಾಲಕನಿಗಿಂತ ಇದು ಎಷ್ಟೋ ದೊಡ್ಡ ಕಥೆ. ಆದರೆ ನಾಲ್ಕು ಸಾಲಿನಲ್ಲಿ ಸಂಘ ಹಿಡಿಸುವುದಿಲ್ಲ, ಒಬ್ಬ ಮನುಷ್ಯ ಹಿಡಿಸುತ್ತಾನೆ.

ಮನೆ ಓನರಿನ ಕಥೆಗಳಿಗೆ ಬರೋಣ. ನನ್ನ ದೊಡ್ಡ ತಕರಾರು ಇರುವುದು ಇಲ್ಲೇ. 2023ರ ಏಪ್ರಿಲ್‌ನಲ್ಲಿ ಒಬ್ಬನಿಗೆ ಬಾಡಿಗೆ ಮನೆ ತಪ್ಪಿತು. ಕಾರಣ, ಹನ್ನೆರಡನೇ ತರಗತಿಯಲ್ಲಿ ಶೇ 75 ಅಂಕ. ಓನರಿಗೆ ಶೇ 90 ಬೇಕಿತ್ತಂತೆ. ಬ್ರೋಕರ್ ಕಳಿಸಿದ ಪಟ್ಟಿಯಲ್ಲಿ ಲಿಂಕ್ಡ್‌ಇನ್ ವಿವರ, ಕಂಪನಿಯ ಪತ್ರ, ಹತ್ತು ಮತ್ತು ಹನ್ನೆರಡರ ಅಂಕಪಟ್ಟಿ, ಸಾಲದ್ದಕ್ಕೆ ತನ್ನ ಬಗ್ಗೆ ತಾನೇ ಬರೆದ ಪುಟ್ಟ ಪ್ರಬಂಧ. ದೇಶವೇ ನಕ್ಕಿತು. ನಗಬೇಕಾದದ್ದೇ.

ಈಗ ನೀವು ನಿಜಕ್ಕೂ ಮನೆ ಹುಡುಕಲು ಹೊರಡಿ. ಗೇಟಿಗೆ ನೇತುಹಾಕಿದ ‘ಟು-ಲೆಟ್’ ಬೋರ್ಡ್ ನೋಡಿ ಬೆಲ್ ಒತ್ತುತ್ತೀರಿ. ಮಹಡಿಯಿಂದ ಆಂಟಿ ಇಣುಕುತ್ತಾರೆ. ‘ಫ್ಯಾಮಿಲಿನಾ, ಬ್ಯಾಚುಲರ್ರಾ?’ ಫ್ಯಾಮಿಲಿ. ‘ಎಷ್ಟು ಜನ?’ ಮೂವರು. ‘ಯಾವ ಊರವರು?’ ಹೇಳುತ್ತೀರಿ. ಕೆಳಗಿಳಿದು ಬಂದು, ಕೀಲಿ ಕೈಯಲ್ಲಿದ್ದರೂ ಬಾಗಿಲು ತೆಗೆಯದೆ, ‘ನೀವು ವೆಜ್ಜಾ?’ ಅಲ್ಲಿಗೂ ಸಮಾಧಾನವಾಗದಿದ್ದರೆ ದನಿ ಒಂದಿಷ್ಟು ತಗ್ಗಿಸಿ, ‘ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?’ ಹೆಸರಿನಿಂದಲೇ ಧರ್ಮ ತಿಳಿಯುವವರ ವಿಷಯದಲ್ಲಿ ಇಷ್ಟು ದೂರವೂ ಹೋಗುವುದಿಲ್ಲ, ‘ಮನೆ ಆಗಲೇ ಕೊಟ್ಟಾಯ್ತಲ್ಲ’ ಎಂಬ ಉತ್ತರ ಮಹಡಿಯಿಂದಲೇ ಬರುತ್ತದೆ. ಬೋರ್ಡ್ ಮರುವಾರವೂ ಗೇಟಿನಲ್ಲೇ ಇರುತ್ತದೆ.

ಲಿಂಕ್ಡ್‌ಇನ್ ಕೇಳುವ ಓನರನ್ನು ಕಂಡವರು ಬೆರಳೆಣಿಕೆ. ಜಾತಿ ಕೇಳುವ ಓನರನ್ನು ಕಾಣದೆ ಈ ಊರಿನಲ್ಲಿ ಮನೆ ಬದಲಿಸಿದವರೂ ಬೆರಳೆಣಿಕೆಯೇ ಇರಬೇಕು. ವೈರಲ್ ಆಗುವುದು ಮೊದಲನೆಯದು. ಇದು ಬೆಂಗಳೂರಿನ ಕಾಯಿಲೆ ಮಾತ್ರವೂ ಅಲ್ಲ. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ಇದನ್ನೇ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ, ದಲಿತರಿಗೂ ಮುಸ್ಲಿಮರಿಗೂ ಬಾಡಿಗೆ ಮನೆಯ ಬಾಗಿಲು ಹೇಗೆ ಮುಚ್ಚುತ್ತದೆಂದು ತೋರಿಸಿತ್ತು. ಅಂಕಪಟ್ಟಿ ಕೇಳಿದ್ದು ನಗು ತರಿಸುತ್ತದೆ, ಯಾಕೆಂದರೆ ಅದರಲ್ಲಿ ಓದುಗನ ಪಾಲಿಲ್ಲ. ಜಾತಿ ಕೇಳಿದ್ದು ನಗು ತರಿಸುವುದಿಲ್ಲ. ಓದುವವನ ಅಪ್ಪನೋ ಅತ್ತೆಯೋ ನಿನ್ನೆ ತಾನೇ ಅದನ್ನು ಕೇಳಿರುತ್ತಾರೆ. ಅಡ್ವಾನ್ಸ್ ಕಥೆಯೂ ಇಷ್ಟೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಅಡ್ವಾನ್ಸ್‌ಗೆ ಎರಡು ತಿಂಗಳ ಬಾಡಿಗೆಯ ಮಿತಿ ಹಾಕಿದೆ. ಆರು ತಿಂಗಳು, ಹತ್ತು ತಿಂಗಳು ಕೇಳುವುದು ಇಲ್ಲಿ ರೂಢಿ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರಿದುಕೊಳ್ಳುವುದೂ ರೂಢಿ. ವಿದೇಶದ ಬಾಡಿಗೆಯೊಂದಿಗೆ ಹೋಲಿಸಿ ನಗುವ ಪೋಸ್ಟ್‌ಗಳು ಆಗೊಮ್ಮೆ ಈಗೊಮ್ಮೆ ಬರುತ್ತವೆ, ಅಷ್ಟಕ್ಕೇ ನಿಲ್ಲುತ್ತವೆ.

ಈ ಕಥೆಗಳಲ್ಲಿ ಯಾರಿಲ್ಲ ಎಂಬುದನ್ನು ತಿಳಿಯಲು ಸಂಜೆ ಆರೂವರೆಗೆ 500-ಡಿ ಬಸ್ ಹತ್ತಿದರೆ ಸಾಕು. ‘ಮುಂದೆ ಹೋಗ್ರೀ, ಮುಂದೆ ಖಾಲಿ ಇದೆ’ ಎಂದು ಕಂಡಕ್ಟರ್ ಕೂಗುತ್ತಿರುತ್ತಾರೆ, ಮುಂದೆ ಖಾಲಿ ಇರುವುದಿಲ್ಲ. ಕಂಬಿಗೆ ಒರಗಿ ನಿಂತೇ ಊರಿಗೆ ಫೋನ್ ಮಾಡಿ ಅಮ್ಮನ ಬಿ.ಪಿ. ಮಾತ್ರೆ ವಿಚಾರಿಸುವವಳು, ಸೀಟು ಸಿಕ್ಕ ಭಾಗ್ಯಕ್ಕೆ ಮಡಿಲಲ್ಲಿ ಕವರ್ ಹರಡಿ ಅವರೆಕಾಯಿ ಸುಲಿಯುವವಳು, 2023ರ ಜೂನ್‌ನಿಂದ ಹೆಂಗಸರಿಗೆ ಉಚಿತವಾದ ಟಿಕೆಟ್ಟಿಗೆ ಆಧಾರ್ ಕಾರ್ಡ್ ತೋರಿಸಲು ತಡವರಿಸುವ ಅಜ್ಜಿ. ಇವರಲ್ಲಿ ಯಾರೂ ಬೆರಗು ಹುಟ್ಟಿಸುವಂಥದ್ದನ್ನು ಮಾಡುತ್ತಿಲ್ಲ. ಹಾಗೆಂದು ಇವರಿಗೆ ಬೆರಗು ಹುಟ್ಟಿಸಲು ಬರುವುದಿಲ್ಲ ಅಂತಲೂ ಅಲ್ಲ. 2016ರ ಏಪ್ರಿಲ್‌ನಲ್ಲಿ, ಪಿ.ಎಫ್. ಹಣ ತೆಗೆಯುವ ನಿಯಮ ಬಿಗಿ ಮಾಡಿದ ಕೇಂದ್ರದ ಆದೇಶದ ವಿರುದ್ಧ ಇವರಂಥವರೇ ಆದ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ನಾಯಕರ ಕರೆಗೂ ಕಾಯದೆ ಬೊಮ್ಮನಹಳ್ಳಿ, ಹೊಸೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಆದೇಶ ವಾಪಸಾಯಿತು. ಆ ಹೊತ್ತಿಗೆ ಈ ಮೊಹರು ಚಾಲ್ತಿಗೆ ಬಂದಿರಲಿಲ್ಲ. ಇದ್ದಿದ್ದರೂ ಅದು ಬೀಳುತ್ತಿದ್ದದ್ದು ಅಂದು ಜಾಮ್‌ನಲ್ಲಿ ಸಿಕ್ಕಿಕೊಂಡು ಕಾರಿನಲ್ಲೇ ಮೀಟಿಂಗ್ ಮುಗಿಸಿದವನ ಫೋಟೊಗೆ.

ಇತ್ತೀಚೆಗೆ ಕಥೆಯನ್ನು ಹುಡುಕುವ ಶ್ರಮವೂ ಬೇಕಾಗಿಲ್ಲ, ಮಾಡಿಕೊಂಡರಾಯಿತು. ಸ್ಕೂಟರ್ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದವರಲ್ಲಿ ಎಷ್ಟು ಮಂದಿಗೆ ಕೆಲಸವಿತ್ತು, ಎಷ್ಟು ಮಂದಿಗೆ ಕ್ಯಾಮೆರಾ ಇತ್ತು ಎಂದು ಹೇಳುವುದು ಕಷ್ಟ. 2025ರ ಫೆಬ್ರುವರಿಯಲ್ಲಿ ಕಾರು ಓಡಿಸುತ್ತಲೇ ಲ್ಯಾಪ್‌ಟಾಪ್ ನೋಡುತ್ತಿದ್ದ ಮಹಿಳೆಯೊಬ್ಬರಿಗೆ ಸಂಚಾರ ಪೊಲೀಸರು ದಂಡ ಹಾಕಿ, ಮನೆಯಿಂದ ಕೆಲಸ ಮಾಡಿ, ಕಾರಿನಿಂದಲ್ಲ ಎಂದು ಬುದ್ಧಿ ಹೇಳಿದರು. ಅದನ್ನೂ ಜನ ನಗುವಿನ ಲೆಕ್ಕಕ್ಕೇ ಹಾಕಿಕೊಂಡರು. ಓಡುವ ಕಾರಿನಲ್ಲಿ ಎಕ್ಸೆಲ್ ಶೀಟ್ ತುಂಬಿಸಬೇಕಾದಷ್ಟು ಬಿಗಿ ಗಡುವು ಕೊಟ್ಟವರು ಯಾರು ಎಂದು ಕೇಳಿದವರು ಕಡಿಮೆ. ಹತ್ತು ಹನ್ನೆರಡು ಗಂಟೆಯ ದುಡಿಮೆಯನ್ನು ಊರಿನ ಹುಚ್ಚು ಎಂದು ಮುದ್ದಿಸುವುದರಿಂದ ಲಾಭ ಯಾರಿಗೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆ ನೋಡಿದರೆ ರೂಪದ ಮಟ್ಟಿಗೆ ಇದು ದುರ್ಬಲ ಪ್ರಕಾರವಲ್ಲ. ನಾಲ್ಕು ಸಾಲಿನಲ್ಲಿ ಪಾತ್ರ, ಸ್ಥಳ, ತಿರುವು ಮೂರನ್ನೂ ತರುವ ಕಸುಬು ನಮ್ಮ ಎಷ್ಟೋ ಕಥೆಗಾರರಿಗೆ ಒಲಿದಿಲ್ಲ. ರಸ್ತೆಯ ಕಥೆಗಳನ್ನು ನಾನು ಉಳಿಸಿಕೊಳ್ಳುತ್ತೇನೆ. ಮೇಷ್ಟ್ರ ಆಟೊ ಕಥೆಯನ್ನು ಅದರ ಜಾತಿ, ಪಿಂಚಣಿಯ ಸಾಲುಗಳ ಸಮೇತ ಉಳಿಸಿಕೊಳ್ಳುತ್ತೇನೆ. ಮಿಕ್ಕವು ಹಿಂದಿನ ಸೀಟಿನ ಕಾಲಕ್ಷೇಪ. ಬರೆಯುವ ಚಟ ಇರುವವರಲ್ಲಿ ಒಂದು ಬೇಡಿಕೆ: ಮುಂದಿನ ಸಲ ಮನೆ ನೋಡಲು ಹೋದಾಗ ಓನರು ಏನೇನು ಕೇಳಿದರೋ ಅದನ್ನು, ಯಾವ ಬಡಾವಣೆ, ಎಷ್ಟು ಅಡ್ವಾನ್ಸ್, ಯಾವ ಪ್ರಶ್ನೆಗೆ ಬಾಗಿಲು ಮುಚ್ಚಿತು ಎಂಬುದರ ಸಮೇತ ಇದ್ದದ್ದು ಇದ್ದಂತೆ ಬರೆಯಿರಿ. ನಗು ಬಾರದಿದ್ದರೂ ಬರೆಯಿರಿ.