ಬೀಗದ ಕೈ ಯಾರ ಸೊಂಟದಲ್ಲಿ?

‘ಸಣ್ಣ ಸಣ್ಣ ಗುಂಪು ಕಟ್ಟಿಕೊಂಡು ಏನು ಮಾಡ್ತೀರಪ್ಪ, ಎಲ್ಲ ಒಂದಾಗಿ’ ಎಂಬ ಬುದ್ಧಿವಾದವನ್ನು ನಾವು ಬಹಳ ದಿನದಿಂದ ಕೇಳುತ್ತಾ ಬಂದಿದ್ದೇವೆ. ಊರಿನ ಯಜಮಾನರು ಹೇಳಿದ್ದಾರೆ, ಓಟು ಕೇಳಲು ಬಂದವರು ಹೇಳಿದ್ದಾರೆ, ವೇದಿಕೆಯ ಮೇಲೆ ಶಾಲು ಹೊದ್ದವರು ಹೇಳಿದ್ದಾರೆ. ಈಗ ಅದೇ ಮಾತು ಅಂತರ್ಜಾಲದ ಸಣ್ಣ ಸಮುದಾಯಗಳ ಬಗ್ಗೆಯೂ ಬಂದಿದೆ. ಅದೂ ಒಬ್ಬ ಒಡೆಯನಿಲ್ಲದ ಜಾಲ ಎಂದು ಹೆಮ್ಮೆಪಡುವ ಲೆಮ್ಮಿ, ಮಾಸ್ಟೊಡಾನ್‌ನಂಥ ಜಾಗಗಳಲ್ಲೇ ಬಂದಿದೆ. ಒಂದೇ ವಿಷಯಕ್ಕೆ ಹತ್ತು ಗುಂಪು ಯಾಕೆ, ಎಲ್ಲವೂ ದೊಡ್ಡದೊಂದರಲ್ಲಿ ವಿಲೀನವಾಗಬಾರದೆ ಎಂಬುದು ವಾದ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಕಣ್ಣು ಮುಚ್ಚಿ ಒಪ್ಪುವಂತೆಯೂ ಇಲ್ಲ.

ನಮಗೆ ಇದು ಹೊತ್ತು ಕಳೆಯುವ ಚರ್ಚೆಯಲ್ಲ. ಹಾಸ್ಟೆಲಿನಲ್ಲಿ ಒಂದೇ ಸಾರಿನ ಹಂಡೆಗೆ ಸಾಲು ನಿಂತ ನಲವತ್ತು ಜನ, ಡಿಗ್ರಿ ಮುಗಿಸಿ ಚದುರಿದಾಗ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೆವು. ಬರೆದದ್ದನ್ನು ಹಾಕುವುದು, ಬೈಸಿಕೊಳ್ಳುವುದು, ತಿದ್ದುವುದು, ಅಷ್ಟೇ. ಅದರಲ್ಲಿ ಗೆಳತಿಯೊಬ್ಬಳು ತನ್ನವ್ವನ ಪೊರಕೆಯ ಮೇಲೆ ಪದ್ಯ ಬರೆದಳು. ಅವರ ಮನೆಯಲ್ಲಿ ಮೊದಲು ಪೆನ್ನು ಹಿಡಿದವಳು ಅವಳೇ. ‘ಮೂರನೇ ಸಾಲು ಸುಳ್ಳು ಕಣಮ್ಮಿ, ನಿಮ್ಮವ್ವ ಹಂಗೆಲ್ಲ ಅಳಾಕಿಲ್ಲ’ ಅಂತ ಒಬ್ಬ ಬರೆದ. ಅವಳು ಒಂದು ದಿನ ಸಿಟ್ಟಾಗಿದ್ದು ಆಮೇಲೆ ಆ ಸಾಲು ತೆಗೆದಳು. ನಾವು ಓದಿದ ವಿಮರ್ಶೆಯ ಪುಸ್ತಕಗಳಲ್ಲಿ ಇಂಥ ಮಾತು ಸಿಕ್ಕಿಲ್ಲ. ಅವಳ ಅವ್ವನನ್ನು ಕಂಡವನು ಮಾತ್ರ ಆಡಬಹುದಾದ ಮಾತು ಅದು.

ಆಮೇಲೆ ನಮ್ಮನ್ನೆಲ್ಲ ಸಾಹಿತ್ಯಾಸಕ್ತರ ದೊಡ್ಡ ಗುಂಪೊಂದಕ್ಕೆ ಸೇರಿಸಿದರು. ಸಾವಿರದ ಹತ್ತಿರ ಜನ. ‘ನಿಮ್ಮ ದನಿ ದೂರ ಮುಟ್ಟುತ್ತೆ’ ಅಂದರು, ನಾವೂ ಹಿಗ್ಗಿದೆವು. ಬೆಳಿಗ್ಗೆ ಎದ್ದರೆ ಶುಭೋದಯದ ಗುಲಾಬಿ, ಸಂಜೆಯಾದರೆ ಸನ್ಮಾನದ ಫೋಟೋ. ಅದೇ ಪದ್ಯವನ್ನು ಅವಳು ಅಲ್ಲಿ ಹಾಕಿದಾಗ ‘ಇಲ್ಲಿ ಜಾತಿ ವಿಷಯ ಬೇಡ, ಶುದ್ಧ ಸಾಹಿತ್ಯ ಮಾತ್ರ’ ಎಂದು ಅಪ್ಪಣೆಯಾಯಿತು. ಪದ್ಯ ಅಳಿಸಿಹೋಯಿತು. ನಮ್ಮ ನಲವತ್ತು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಇದನ್ನು ಬರೆಯುತ್ತಿರುವ ನಾವೂ ಬಿಡಲಿಲ್ಲ. ಸಾವಿರ ಜನ ನೋಡುತ್ತಿದ್ದಾರೆಂಬ ಅಂಜಿಕೆ. ಅವಳು ಹೊರಟುಹೋದಳು. ತಿರುಗಿ ನೋಡಿದರೆ ನಮ್ಮ ಹಳೇ ಗುಂಪು ಪಾಳುಬಿದ್ದಿತ್ತು.

ಈಗ ಹೊಸ ಜಾಗ ಹುಡುಕುತ್ತಿದ್ದೇವೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕಿರುವ ಗೆಳೆಯ ಲೆಮ್ಮಿಯನ್ನು ತೋರಿಸಿದ. ಇದರ ರೀತಿ ಹೀಗೆ. ಫೇಸ್‌ಬುಕ್ಕಿನಂತೆ ಒಂದೇ ಕಂಪನಿಯ ಒಂದೇ ಅಂಗಡಿಯಲ್ಲ ಇದು. ತಂತ್ರಾಂಶ ಎಲ್ಲರಿಗೂ ಮುಕ್ತ. ಯಾರು ಬೇಕಾದರೂ ಒಂದು ಸರ್ವರ್ ಇಟ್ಟುಕೊಂಡು ತಮ್ಮ ಮನೆ ಕಟ್ಟಬಹುದು, ಆ ಮನೆಯೊಳಗೆ ಬೇರೆ ಬೇರೆ ವಿಷಯಕ್ಕೆ ಬೇರೆ ಬೇರೆ ಸಮುದಾಯ ತೆರೆಯಬಹುದು. ಒಂದು ಮನೆಯವರು ಇನ್ನೊಂದು ಮನೆಯ ಜಗಲಿಯಲ್ಲಿ ಕೂತು ಮಾತಾಡಬಹುದು, ಯಾಕಂದರೆ ಎಲ್ಲ ಸರ್ವರುಗಳೂ ಆಕ್ಟಿವಿಟಿಪಬ್ ಎಂಬ ಒಂದೇ ಭಾಷೆಯಲ್ಲಿ ವ್ಯವಹರಿಸುತ್ತವೆ. ಜಾಲದ ಮಾನಕಗಳನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಒಕ್ಕೂಟ 2018ರಲ್ಲಿ ಈ ಭಾಷೆಗೆ ಒಪ್ಪಿಗೆ ಕೊಟ್ಟಿತು. ಬೇಡದ ಮನೆಯ ಜೊತೆ ಕೊಡುಕೊಳ್ಳುವುದನ್ನು ಕಡಿದುಕೊಳ್ಳುವ ಹಕ್ಕೂ ಪ್ರತಿ ಮನೆಗಿದೆ. ಬಹಿಷ್ಕಾರ ಹಾಕಿಸಿಕೊಂಡೇ ಬಂದ ಜನಕ್ಕೆ ಇಂಥ ಹಕ್ಕು ಸಿಗುವುದು ಅಪರೂಪ.

ಈ ಜಾಲ ನಮ್ಮವರಿಗೆ ತೀರ ಹೊಸದೇನಲ್ಲ. 2018ರ ನವೆಂಬರಿನಲ್ಲಿ, ಆಗ ಟ್ವಿಟರಿನ ಮುಖ್ಯಸ್ಥನಾಗಿದ್ದ ಜ್ಯಾಕ್ ಡಾರ್ಸಿ ಭಾರತಕ್ಕೆ ಬಂದಿದ್ದಾಗ, ಬ್ರಾಹ್ಮಣಶಾಹಿ ಪಿತೃಪ್ರಭುತ್ವವನ್ನು ಒಡೆಯಿರಿ ಎಂಬ ಪೋಸ್ಟರ್ ಹಿಡಿದು ನಿಂತ ಫೋಟೋ ಹೊರಬಿತ್ತು. ದಲಿತ ಹೋರಾಟಗಾರ್ತಿಯೊಬ್ಬರು ಕೊಟ್ಟ ಪೋಸ್ಟರ್ ಅದು. ಪಟ್ಟಭದ್ರರು ಹುಯಿಲೆಬ್ಬಿಸಿದ ಕೂಡಲೇ ಕಂಪನಿಯ ಕಡೆಯವರು ಕ್ಷಮೆ ಕೇಳಿದರು. ಮರುವರ್ಷ, 2019ರ ಅಕ್ಟೋಬರ್-ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿತು. ನಾಜಿ ಸೆಲ್ಯೂಟಿಗೆ ಕೈಯೆತ್ತದೆ ಕೈಕಟ್ಟಿ ನಿಂತ ಜರ್ಮನ್ ಕಾರ್ಮಿಕನ ಚಿತ್ರ ಹಾಕಿಕೊಂಡಿದ್ದೇ ಅವರ ತಪ್ಪು! ಪತ್ರಕರ್ತ ದಿಲೀಪ್ ಮಂಡಲ್ ಅವರ ಖಾತೆಯ ಮೇಲೂ ನಿರ್ಬಂಧ ಬಿತ್ತು. ನೀಲಿ ಗುರುತು ಕೊಡುವುದರಲ್ಲೂ ಜಾತಿ ಇದೆ ಎಂಬ ಸಿಟ್ಟು ಸ್ಫೋಟಿಸಿ ಬಹಳ ಜನ ಮಾಸ್ಟೊಡಾನಿಗೆ ಗುಳೆ ಹೊರಟರು. ಆ ಸಿಟ್ಟು ನ್ಯಾಯವಾದದ್ದು. ಆದರೆ ಹೋದವರಲ್ಲಿ ಹೆಚ್ಚಿನವರು ಅಲ್ಲಿ ನಿಲ್ಲಲಿಲ್ಲ. ನಮ್ಮ ಅನಿಸಿಕೆ ಇಷ್ಟು: ಅವರು ಒಬ್ಬೊಬ್ಬರಾಗಿ ಹೋಗಿ ಯಾರದೋ ದೊಡ್ಡ ಮನೆಯ ಜಗಲಿಯಲ್ಲಿ ಕೂತರು. ಸ್ವಂತ ಮನೆ ಕಟ್ಟಲಿಲ್ಲ.

2023ರಲ್ಲಿ ಇನ್ನೊಂದು ಗುಳೆ. ಅಮೆರಿಕದ ರೆಡಿಟ್ ಕಂಪನಿ ಹೊರಗಿನ ಆಪ್‌ಗಳಿಗೆ ಭಾರಿ ದರ ವಿಧಿಸಿದಾಗ, ಜೂನ್ 12ರಂದು ಅಲ್ಲಿನ ಸಾವಿರಾರು ಸಮುದಾಯಗಳು ಬಾಗಿಲು ಹಾಕಿ ಮುಷ್ಕರ ಮಾಡಿದವು. ಬೇಸತ್ತವರು ಲೆಮ್ಮಿಗೆ ಬಂದರು. ಬಂದವರು ಕಂಡದ್ದೇನು? ಲೆಮ್ಮಿ.ವರ್ಲ್ಡ್‌ನಲ್ಲಿ ‘ಟೆಕ್ನಾಲಜಿ’ ಎಂಬ ಸಮುದಾಯ. ಲೆಮ್ಮಿ.ಎಂಎಲ್‌ನಲ್ಲಿ ಅದೇ ಹೆಸರಿನದು. ಬೀಹಾ ಎಂಬ ಸರ್ವರಿನಲ್ಲೂ ಅದೇ. ಮೂರು ಕಡೆ ಒಂದೇ ಸುದ್ದಿ, ಒಂದೇ ಜಗಳ. ಇವೆಲ್ಲ ಒಂದಾಗಲಿ ಎಂಬ ಕೂಗು ಆಗ ಎದ್ದದ್ದು ಇವತ್ತಿಗೂ ನಿಂತಿಲ್ಲ.

ಅದೇ ತಿಂಗಳು ಬೀಹಾದವರು ಲೆಮ್ಮಿ.ವರ್ಲ್ಡ್ ಸೇರಿದಂತೆ ಎರಡು ದೊಡ್ಡ ಸರ್ವರುಗಳ ಜೊತೆ ಸಂಬಂಧ ಕಡಿದುಕೊಂಡರು. ಆ ಮನೆಗಳಿಗೆ ಯಾರು ಬೇಕಾದರೂ ನುಗ್ಗಬಹುದಿತ್ತು. ಅಲ್ಲಿಂದ ಬಂದವರ ಹೊಲಸನ್ನು ಬಳಿಯಲು ಬೀಹಾದಲ್ಲಿ ಬೆರಳೆಣಿಕೆಯಷ್ಟು ಜನ ಮಾತ್ರ ಇದ್ದರು. ಒಡಕು ಹುಟ್ಟಿಸಿದರೆಂದು ಅವರನ್ನು ಬಹಳ ಜನ ಬೈದರು. ನಮಗೆ ಮಾತ್ರ ಅವರು ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ ಅನಿಸಿತು: ಜನ ಸೇರುವುದೇನೋ ಸರಿ, ಗಲೀಜು ತೆಗೆಯೋರು ಯಾರು? ಜಾತ್ರೆ ಮುಗಿದ ಮೇಲೆ ಬಯಲು ಗುಡಿಸುವವರ ಮಕ್ಕಳು ನಾವು. ತೇರು ಎಳೆಯುವ ಜನ ಹೆಚ್ಚಲಿ ಎನ್ನುವವರು ಮಾರನೇ ದಿನ ಪೊರಕೆ ಹಿಡಿದು ಬಂದದ್ದನ್ನು ನಾವು ಕಂಡಿಲ್ಲ. ಈ ಜಾಲದಲ್ಲಿ ಉಸ್ತುವಾರಿ ಎಂದರೆ ಸಂಬಳವಿಲ್ಲದ ದುಡಿಮೆ. ರಾತ್ರಿ ಎದ್ದು ಬೈಗುಳ ಓದಬೇಕು, ಅಸಹ್ಯ ಚಿತ್ರ ನೋಡಿ ಅಳಿಸಬೇಕು. ಬೈಗುಳ ಯಾರ ಜಾತಿಯ ಮೇಲಿದೆಯೋ ಅವರೇ ಅದನ್ನು ಓದಿ ಅಳಿಸುವ ಗತಿ ಬಂದರೆ ಅದೆಂಥ ಒಗ್ಗಟ್ಟು?

ಕಪ್ಪುಜನರು ಕಟ್ಟಿದ್ದ ಪ್ಲೇವಿಷಸ್ ಎಂಬ ಮಾಸ್ಟೊಡಾನ್ ಸರ್ವರ್ ಜನಾಂಗದ್ವೇಷಿಗಳ ಕಾಟದ ನಡುವೆ 2020ರಲ್ಲಿ ಮುಚ್ಚಿತು. ಅದಕ್ಕೆ ಒಂದು ವರ್ಷ ಮೊದಲು, 2019ರ ಜುಲೈನಲ್ಲಿ, ಬಲಪಂಥೀಯ ದ್ವೇಷದ ಅಡ್ಡೆಯಾದ ಗ್ಯಾಬ್ ಇದೇ ಮಾಸ್ಟೊಡಾನಿನ ತಂತ್ರಾಂಶ ಎತ್ತಿಕೊಂಡು ಬಂದಾಗ, ಅನೇಕ ಸರ್ವರುಗಳು ಅದರ ಮುಖಕ್ಕೆ ಬಾಗಿಲು ಹಾಕಿದವು. ಎಲ್ಲ ಒಂದೇ ಮನೆಯಾಗಿದ್ದರೆ ಹಾಕಲು ಬಾಗಿಲೇ ಇರುತ್ತಿರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಚಳವಳಿಯ ಗೆಳೆಯರು ಚಪ್ಪಾಳೆ ತಟ್ಟುತ್ತಾರೆ. ಆದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಬೇರೆ ಇರುವುದರಲ್ಲಿ ನಮ್ಮದೇ ಒಂದು ರೋಗವಿದೆ. ನಾಲ್ಕು ಜನರ ಸಂಘಕ್ಕೆ ಐದು ಜನ ಅಧ್ಯಕ್ಷರು! ಲೆಮ್ಮಿಯಲ್ಲೂ ಹಾಗೇ. ಹೆಸರಿಟ್ಟು, ಚಿತ್ರ ಅಂಟಿಸಿ, ನಿಯಮ ಬರೆದು, ಆಮೇಲೆ ತಿಂಗಳುಗಟ್ಟಲೆ ಒಂದು ಮಾತೂ ಇಲ್ಲದೆ ಬಿದ್ದಿರುವ ಸಮುದಾಯಗಳು ಎಷ್ಟೋ. ಹಳ್ಳಿಯಿಂದ ಒಬ್ಬ ಹುಡುಗ ಬಂದು ‘ಸ್ಕಾಲರ್‌ಶಿಪ್ ಅರ್ಜಿ ಹಾಕೋದು ಹೆಂಗಣ್ಣ?’ ಅಂತ ಕೇಳಿದರೆ, ಎಂಟು ದಿನವಾದರೂ ಉತ್ತರ ಕೊಡುವವರಿಲ್ಲದಿದ್ದರೆ, ಆ ಮನೆಯ ಸ್ವಾತಂತ್ರ್ಯವನ್ನು ಕಟ್ಟಿಕೊಂಡು ಅವನು ಏನು ಮಾಡಬೇಕು? ಅಂಥ ಕಡೆ ನಾಯಕತ್ವದ ಖಯಾಲಿ ಬಿಟ್ಟು ಒಂದಾಗುವುದೇ ಮೇಲು. ನಲವತ್ತು ಜನ ಆಡುವ ಮಾತು ಇದ್ದರೆ ಬೇರೆ ಮನೆ. ಇಬ್ಬರ ಹಟ ಮಾತ್ರ ಇದ್ದರೆ ಯಾಕೆ ಬೇಕು?

ಸಣ್ಣ ಮನೆ ಕುಸಿಯುವುದೂ ಉಂಟು. ಪೋಲೆಂಡಿನ ಒಬ್ಬನೇ ಒಬ್ಬ ಹುಡುಗ ಕಟ್ಟಿದ ಕೆಬಿನ್ ಎಂಬ ಸರ್ವರ್ 2024ರಲ್ಲಿ ನಿಂತುಹೋಯಿತು. ಜರ್ಮನ್ ಭಾಷಿಕರ ಫೆಡಿಟ್.ಡಿಇ ಅದೇ ವರ್ಷ ಕೆಟ್ಟು ಕೂತಿತು, ಜನ ಫೆಡಿಟ್.ಆರ್ಗ್ ಎಂಬ ಹೊಸ ಮನೆಗೆ ಗಂಟುಮೂಟೆ ಹೊತ್ತರು. ಸಾಕಷ್ಟು ದೊಡ್ಡದೇ ಆಗಿದ್ದ ಲೆಮ್.ಇಇ ನಡೆಸುವವರು ದಣಿದು 2025ರ ಜೂನ್ ಕೊನೆಗೆ ಬಾಗಿಲು ಹಾಕಿದರು. ಕ್ವಿಯರ್ ಸಮುದಾಯದವರು ಆಫ್ಘಾನಿಸ್ತಾನದ ‘ಎಎಫ್’ ವಿಳಾಸ ಹಿಡಿದು ಒಂದು ಮಾಸ್ಟೊಡಾನ್ ನಡೆಸುತ್ತಿದ್ದರು. 2024ರ ಫೆಬ್ರವರಿಯಲ್ಲಿ ತಾಲಿಬಾನ್ ಸರ್ಕಾರ ಆ ವಿಳಾಸವನ್ನೇ ಕಿತ್ತುಕೊಂಡಿತು. ಮನೆ ಬಿದ್ದಾಗ ಹಳೆಯ ಮಾತುಗಳ ಪ್ರತಿ ಬೇರೆ ಸರ್ವರುಗಳಲ್ಲಿ ಚೂರುಪಾರು ಉಳಿದಿರುತ್ತದೆ. ಆದರೆ ಅಲ್ಲಿ ಹೊಸ ಮಾತು ಹುಟ್ಟುವುದಿಲ್ಲ. ಲೆಮ್ಮಿಯಲ್ಲಿ ಒಂದು ಸಮುದಾಯವನ್ನು ಮಾತುಕತೆಯ ಸಮೇತ ಎತ್ತಿ ಇನ್ನೊಂದರೊಳಗೆ ಇಡಲು ಬರುವುದಿಲ್ಲ. ಹಳೆಯದಕ್ಕೆ ಬೀಗ ಹಾಕಿ ‘ಎಲ್ಲರೂ ಅಲ್ಲಿಗೆ ಹೋಗಿ’ ಎಂದು ಬಾಗಿಲಿಗೆ ಚೀಟಿ ಅಂಟಿಸುತ್ತಾರೆ. ಚೀಟಿ ಓದಿ ಹೋಗುವವರು ಹೋಗುತ್ತಾರೆ, ಉಳಿದವರು ಎಲ್ಲಿ ಹೋದರೋ ಯಾರಿಗೂ ಗೊತ್ತಾಗುವುದಿಲ್ಲ.

ವಿಲೀನ ಎಂಬ ಪದವನ್ನೇ ಸ್ವಲ್ಪ ತಡವಿ ನೋಡಬೇಕು. 2017ರಲ್ಲಿ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನೊಳಗೆ ವಿಲೀನವಾಯಿತು, 2019ರಲ್ಲಿ ವಿಜಯಾ ಬ್ಯಾಂಕು ಬರೋಡಾದೊಳಗೆ. ಯಾವ ಹೆಸರು ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ಪಾಸ್‌ಬುಕ್ ಹಿಡಿದು ನಿಂತ ನಮ್ಮವ್ವಂದಿರನ್ನು ಕೇಳಿ. ಮಕ್ಕಳು ಕಮ್ಮಿ ಎಂದು ಶಾಲೆಗಳನ್ನು ವಿಲೀನ ಮಾಡುವ ಮಾತು ಬಂದಾಗ, ಹಟ್ಟಿಯ ಹೆಣ್ಣುಮಗು ಎಷ್ಟು ದೂರ ನಡೆಯಬೇಕೆಂಬುದು ಹಳ್ಳಿಯ ಮೇಷ್ಟರಿಗೆ ಗೊತ್ತು, ಕಡತ ಬರೆಯುವವರಿಗೆ ಗೊತ್ತಿಲ್ಲ. ವಿಲೀನದಲ್ಲಿ ಇಬ್ಬರೂ ಸಮನಾಗಿ ಕರಗಿದ್ದನ್ನು ನಾವು ಕಂಡಿಲ್ಲ.

ನಮ್ಮ ಚರಿತ್ರೆಯಲ್ಲಿ ಇದರ ದೊಡ್ಡ ಪಾಠ 1932ರದು. ಬ್ರಿಟಿಷ್ ಸರ್ಕಾರ ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಒಪ್ಪಿತ್ತು. ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದಕ್ಕೆ ಬಾಬಾಸಾಹೇಬರು ಸಹಿ ಹಾಕಬೇಕಾಯಿತು. ಸ್ಥಾನಗಳ ಲೆಕ್ಕ ನೋಡಿದರೆ ಲಾಭವೇ: ಪ್ರಾಂತೀಯ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಸುಮಾರು ದುಪ್ಪಟ್ಟಾಗಿ 148ಕ್ಕೆ ಏರಿತು. ಆದರೆ ಕೊನೆಗೆ ಆರಿಸುವ ಕೈ ಬದಲಾಯಿತು. ನಮ್ಮವನು ಯಾರು ಗೆಲ್ಲಬೇಕೆಂಬುದನ್ನು ಊರಿನವರೂ ಸೇರಿ ತೀರ್ಮಾನಿಸುವಂತಾಯಿತು. ಅಂಬೇಡ್ಕರ್ ಮುಂದೆ ಈ ಒಪ್ಪಂದವನ್ನು ಕಟುವಾಗಿ ಟೀಕಿಸಿದ್ದು ಇದಕ್ಕೇ. ಸಾವಿರ ಜನರ ಗುಂಪಿಗೆ ಹೋದ ನಮ್ಮ ನಲವತ್ತು ಜನರ ಕತೆಯೂ, ಅದರ ಸಣ್ಣ ಪ್ರಮಾಣದಲ್ಲಿ, ಇಂಥದೇ. ಕೇಳುವವರು ಹೆಚ್ಚಿದರು. ಪದ್ಯ ಉಳಿಯಬೇಕೋ ಅಳಿಯಬೇಕೋ ಎಂದು ಹೇಳುವವರು ನಾವಾಗಿ ಉಳಿಯಲಿಲ್ಲ.

ಹಾಗಾದರೆ ಬೇರೆ ದಾರಿಯೇ ಇಲ್ಲವೆ? 2022ರ ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿಬ್ಬಾಣದ ದಿನ, ವರ್ಷಗಟ್ಟಲೆ ಒಡೆದು ನಿಂತಿದ್ದ ದಲಿತ ಸಂಘರ್ಷ ಸಮಿತಿಯ ಹಲವು ಬಣಗಳು ಬೆಂಗಳೂರಿನಲ್ಲಿ ಒಂದೇ ವೇದಿಕೆಗೆ ಬಂದವು. ಒಂದು ಬಣ ಇನ್ನೊಂದರಲ್ಲಿ ಕರಗಲಿಲ್ಲ. ಹೋರಾಟಕ್ಕೆಂದು ಕೂಡಿದರು. ಅದರ ಮಿತಿಗಳ ಬಗ್ಗೆ ಬೇರೆಯೇ ಬರೆಯಬೇಕು, ಇರಲಿ. ಜಾಲದಲ್ಲೂ ಇಂಥ ಕೂಡುವಿಕೆಗೆ ದಾರಿಯಿದೆ. ಪೈಫೆಡ್ ಎಂಬ ತಂತ್ರಾಂಶದಲ್ಲಿ ಬೇರೆ ಬೇರೆ ಮನೆಯ ಸಮುದಾಯಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿಕೊಂಡು ಓದಬಹುದು. ಓದುವವನಿಗೆ ಒಂದೇ ಪತ್ರಿಕೆ, ಬರೆಯುವವರ ಮನೆ ಮಾತ್ರ ಬೇರೆ ಬೇರೆ. ಇದನ್ನು ಬಿಟ್ಟು ಮನುಷ್ಯರನ್ನೇ ಒಂದು ದೊಡ್ಡಿಗೆ ತುಂಬುವ ಆತುರ ಯಾಕೆ? ಪ್ರತಿಗಳನ್ನು ಒಟ್ಟಿಗೆ ಕಾಪಾಡೋಣ, ಉಸ್ತುವಾರಿಯ ದುಡಿಮೆಯನ್ನು ಹಂಚಿಕೊಳ್ಳೋಣ, ಸರ್ವರ್ ಖರ್ಚಿಗೆ ಕೈಗೂಡಿಸೋಣ. ಯಾರನ್ನು ಒಳಗೆ ಬಿಡಬೇಕು, ಯಾವ ಮಾತು ಉಳಿಯಬೇಕು ಎಂಬುದನ್ನು ಮಾತ್ರ ಆಯಾ ಮನೆಯವರೇ ತೀರ್ಮಾನಿಸಲಿ. ಇದಕ್ಕೆ ಒಪ್ಪದ ವಿಲೀನವಾದಿಗಳ ಒಳ್ಳೆಯತನವನ್ನು ನಾವು ಅನುಮಾನಿಸುವುದಿಲ್ಲ, ಆದರೆ ಅವರಿಗೆ ಬಾಗಿಲು ಮುಚ್ಚಿಸಿಕೊಂಡ ಅನುಭವವಿಲ್ಲ.

ಹೋದ ಭಾನುವಾರ ನಮ್ಮಲ್ಲಿ ಹನ್ನೊಂದು ಜನ ಹಳೇ ಹಾಸ್ಟೆಲಿನ ಹಿಂದಿನ ಹುಣಸೆಮರದಡಿ ಸೇರಿದ್ದೆವು. ತಲೆಗೆ ತಿಂಗಳಿಗೆ ನೂರು ರೂಪಾಯಿ ಹಾಕಿ ಸಣ್ಣ ಸರ್ವರ್ ಇಡುವುದೆಂದು ಮಾತಾಯಿತು. ಒಬ್ಬನೇ ಕಟ್ಟಿ ಒಬ್ಬನೇ ದಣಿಯುವುದು ಬೇಡವೆಂದು ಪಾಸ್‌ವರ್ಡ್ ಮೂರು ಜನರ ಹತ್ತಿರ. ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು. ತಿಂಗಳಿಗೊಮ್ಮೆ ಎಲ್ಲದರ ಪ್ರತಿ ತೆಗೆದು, ಪ್ರೈಮರಿ ಶಾಲೆಯಲ್ಲಿ ಮೇಷ್ಟರಾಗಿರುವ ನಮ್ಮ ಗೆಳೆಯನ ಮನೆಯ ಬೀರುವಿನಲ್ಲಿ ಇಡುವುದು. ಮೂವರು ಇನ್ನೂ ದೊಡ್ಡ ಗುಂಪೇ ವಾಸಿ ಅನ್ನುತ್ತಿದ್ದಾರೆ, ಅವರ ಜೊತೆ ಜಗಳ ಮುಗಿದಿಲ್ಲ. ಪೊರಕೆಯ ಪದ್ಯ ಬರೆದ ಗೆಳತಿಗೆ ಫೋನು ಮಾಡಿದ್ದೆವು. ‘ಮೊದಲು ಆವತ್ತು ಯಾಕೆ ಸುಮ್ಮನಿದ್ರಿ ಅಂತ ಹೇಳಿ, ಆಮೇಲೆ ಬರೋದು ನೋಡಾನ’ ಅಂದಳು.