ನಲವತ್ತು ನಿಂತಲ್ಲಿ ಐವತ್ತು ನಿಲ್ಲದು

ಮುಂಗಾರಿಗೆ ಮೊದಲು ಸದಸ್ಯರನ್ನೆಲ್ಲ ಒಂದು ದಿನ ಸ್ಕಿಡ್ ಪ್ಯಾನ್ ಮೇಲೆ, ಅಂದರೆ ಬೇಕೆಂದೇ ಜಾರುವಂತೆ ಮಾಡಿದ ಅಂಗಳದ ಮೇಲೆ, ಓಡಿಸಬೇಕೆಂದು ಬೆಂಗಳೂರಿನ ಕಾರ್ ಕ್ಲಬ್ಬೊಂದು ಸಿದ್ಧತೆ ನಡೆಸಿದೆ. ಜಾಗ ಹೇಗಿರಬೇಕು, ನೀರು ಎಲ್ಲಿಂದ, ಕಲಿಸುವುದೇನು ಎಂದು ಕೇಳಿದ್ದಾರೆ. ಮೊದಲ ಎರಡಕ್ಕೆ ಉತ್ತರ ಚಿಕ್ಕದು.

ನುಣುಪಾದ, ಸಮತಟ್ಟಾದ ಅಂಗಳ ಬೇಕು. ಸುತ್ತ ದೀಪದ ಕಂಬ, ಚರಂಡಿ ಇರಕೂಡದು. ಕಟ್ಟೆಕಲ್ಲಂತೂ ಬೇಡವೇ ಬೇಡ. ಅಡ್ಡಲಾಗಿ ಜಾರುವ ಎತ್ತರದ ಎಸ್‌ಯುವಿ ಬರಿಯ ನೀರಿನ ಮೇಲೆ ಮಗುಚುವುದು ಅಪರೂಪ. ಚಕ್ರ ಕಲ್ಲಿಗೆ ಎಡವಿದರೆ ಮಗುಚುತ್ತದೆ. ನೀರಿಗೆ ಕೊಳಚೆ ಶುದ್ಧೀಕರಣ ಘಟಕದ ಟ್ಯಾಂಕರ್ ತರಿಸಿ. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡವೆಂದ ಊರು ಇದು. ಕಾವೇರಿ ನೀರನ್ನು ಡಾಂಬರಿಗೆ ಸುರಿಯುವ ಕ್ಲಬ್ಬಿಗೆ ನಾನು ಬರಲಾರೆ. ಸೋಪು, ಎಣ್ಣೆ ಬೆರೆಸಬೇಡಿ. ವಿಮೆಯ ಕಾಗದವನ್ನೂ ಬಿಡಿಸಿ ನೋಡಿ: ನಮ್ಮ ಪಾಲಿಸಿಗಳು ಸಾಮಾನ್ಯವಾಗಿ ಸಂಘಟಿತ ರೇಸು ಮತ್ತು ವೇಗಪರೀಕ್ಷೆಯನ್ನು ಹೊರಗಿಡುತ್ತವೆ. ನಿಮ್ಮದು ಎರಡೂ ಅಲ್ಲವೆಂದು ಕಂಪನಿಯಿಂದ ಬರಹದಲ್ಲಿ ಪಡೆದ ಮೇಲೆಯೇ ತಾರೀಖು ಗೊತ್ತುಮಾಡಿ.

ಇನ್ನು ಕಲಿಸುವುದು. ಬೆಳಗಿನ ಮೊದಲ ಪಾಠ ಇದಾಗಲಿ. ಒದ್ದೆ ನೆಲದ ಮೇಲೆ ಒಂದು ಗೆರೆ ಎಳೆಯಿರಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಂದ ಚಾಲಕ ಗೆರೆ ಮುಟ್ಟಿದೊಡನೆ ಬ್ರೇಕನ್ನು ಪೂರಾ ಒತ್ತಲಿ. ಕಾರು ನಿಂತ ಜಾಗದಲ್ಲಿ ಅಡ್ಡಕ್ಕೆ ಕೋನ್‌ಗಳ ಸಾಲು ನಿಲ್ಲಿಸಿ. ಅದೇ ಚಾಲಕ, ಅದೇ ಕಾರು, ಈಗ 50ರಲ್ಲಿ ಬರಲಿ. ಕೋನ್‌ಗಳಿಗೆ ಬಡಿಯುವಾಗ ವೇಗ ಎಷ್ಟಿರುತ್ತದೆಂದು ನೋಡುತ್ತಿರುವವರನ್ನು ಮೊದಲೇ ಕೇಳಿ. ಹೆಚ್ಚಿನವರು ಹತ್ತು ಎನ್ನುತ್ತಾರೆ. ಹತ್ತು ಹೆಚ್ಚಾಗಿತ್ತು, ಹತ್ತೇ ಉಳಿದಿರಬೇಕು ಎಂಬ ಲೆಕ್ಕ. ಉಳಿಯುವುದು ಮೂವತ್ತು! ಚಲಿಸುವ ಕಾರಿನ ಶಕ್ತಿ ವೇಗದ ವರ್ಗದಂತೆ ಏರುತ್ತದೆ. ಐವತ್ತರ ವರ್ಗದಲ್ಲಿ ನಲವತ್ತರ ವರ್ಗ ಕಳೆದರೆ ಉಳಿಯುವುದು ಮೂವತ್ತರ ವರ್ಗ. ಹೈಸ್ಕೂಲಿನ ಲಂಬಕೋನ ತ್ರಿಭುಜದ ಮೂರು, ನಾಲ್ಕು, ಐದು ಇಲ್ಲಿ ರಸ್ತೆಗಿಳಿದಿವೆ. ನೆಲ ಒಣಗಿರಲಿ, ಒದ್ದೆಯಿರಲಿ, ಈ ಮೂವತ್ತು ಬದಲಾಗದು. ಬದಲಾಗುವುದು ದೂರ ಮಾತ್ರ. ಘರ್ಷಣೆ 0.3ರಷ್ಟಕ್ಕೆ ಇಳಿದ ನೆಲದಲ್ಲಿ ನಲವತ್ತು ನಿಲ್ಲಲು ಸುಮಾರು 21 ಮೀಟರ್ ಬೇಕು, ಐವತ್ತಕ್ಕೆ 33. ಇದು ಕಾಲು ಬ್ರೇಕಿನ ಮೇಲಿದ್ದಾಗಿನ ಲೆಕ್ಕ. ಯೋಚಿಸುವ ಹೊತ್ತಿನಲ್ಲಿ ಓಡಿದ ದೂರ ಬೇರೆ.

ಮುಂದಿನದನ್ನು ಈ ಅಂಕಣದ ಓದುಗರು ಬಲ್ಲರು: ಮುಂದಿನ ಚಕ್ರ ಜಾರಿದರೆ ಆಕ್ಸಿಲರೇಟರ್ ಬಿಟ್ಟು ಸ್ಟೇರಿಂಗ್ ಸಡಿಲಿಸುವುದು, ಹಿಂಬದಿ ಜಾರಿದರೆ ಹೋಗಬೇಕಾದ ಕಡೆ ಕಣ್ಣಿಟ್ಟು ಕೈಯನ್ನು ಕಣ್ಣಿನ ಹಿಂದೆ ಬಿಡುವುದು. ಕಲಿಸಿ, ಬೇಡವೆನ್ನಲಾರೆ. ಆದರೆ ಇಡೀ ದಿನವನ್ನು ಹಿಂಬದಿ ಬೀಸುವುದಕ್ಕೇ ಕೊಟ್ಟು, ಸಂಜೆ ಪ್ರಮಾಣಪತ್ರ ಹಂಚಿ, "ಇನ್ನು ಯಾವ ಮಳೆಯಾದರೂ ಬರಲಿ" ಎಂದು ಕಳುಹಿಸುವ ಪಂಥವೊಂದಿದೆ. ಅದರ ಜೊತೆ ನನ್ನ ಜಗಳ ಹಳೆಯದು, ಬಿಡುವುದಿಲ್ಲ. ನಾರ್ವೆಯಲ್ಲಿ ಜಾರುನೆಲದ ತರಬೇತಿಯನ್ನು ಲೈಸೆನ್ಸಿಗೆ ಕಡ್ಡಾಯ ಮಾಡಿದ್ದು 1979ರಲ್ಲಿ. ಆಮೇಲೆ ಪರಿಶೀಲಿಸಿದರೆ ಯುವಕರ ಅಪಘಾತ ಇಳಿಯುವ ಬದಲು ಏರಿತ್ತು. ಸ್ವೀಡನ್ನಿನ ನಿಲ್ಸ್ ಪೆಟ್ಟರ್ ಗ್ರೆಗರ್ಸನ್ 1996ರಲ್ಲಿ ಪ್ರಕಟಿಸಿದ ಪ್ರಯೋಗ ಕಾರಣವನ್ನು ಎದುರಿಗಿಟ್ಟಿತು. ಕಲಿಯುವವರ ಒಂದು ಗುಂಪಿಗೆ ಜಾರುನೆಲದಲ್ಲಿ ಬ್ರೇಕ್ ಹಾಕಿ ತಪ್ಪಿಸಿಕೊಳ್ಳುವ ಕೌಶಲ, ಇನ್ನೊಂದಕ್ಕೆ ಆ ಕೌಶಲ ಎಲ್ಲಿ ಸೋಲುತ್ತದೆ ಎಂಬ ಅರಿವು. ಆಮೇಲೆ ಪರೀಕ್ಷಿಸಿದಾಗ ಎರಡೂ ಗುಂಪಿನ ಕೈಚಳಕ ಒಂದೇ. ತಮ್ಮ ಬಗೆಗಿನ ಅಂದಾಜು ಮಾತ್ರ ಕೌಶಲದ ಗುಂಪಿನದು ಮೇಲಿತ್ತು. ಈ ಉಬ್ಬಿದ ಅಂದಾಜನ್ನು ಹೊತ್ತವನು ಚಾರ್ಮಾಡಿ ಘಾಟಿಯ ತಿರುವಿಗೆ ಹತ್ತು ಕಿಲೋಮೀಟರ್ ಹೆಚ್ಚು ವೇಗದಲ್ಲಿ ಬರುತ್ತಾನೆ.

ಜಾರಿಕೆಯ ಬೇರು ಚಾಲಕನಲ್ಲೇ ಇದೆ ಎಂಬುದು ಹೊಸ ಮಾತೂ ಅಲ್ಲ. ಲಂಡನ್ನಿನ ಹೆಂಡನ್‌ನಲ್ಲಿ 1935ರಲ್ಲಿ ಶುರುವಾದ ಪೊಲೀಸ್ ಚಾಲನಾ ಶಾಲೆಯ ಸ್ಕಿಡ್ ಪ್ಯಾನ್ ಹೆಸರಾದದ್ದು. 1955ರಲ್ಲಿ ಹೊರಬಂದ ಪೊಲೀಸ್ ಚಾಲಕರ ಕೈಪಿಡಿ 'ರೋಡ್‌ಕ್ರಾಫ್ಟ್' ಅನ್ನು ನಾನು ಇಂದಿಗೂ ತೆರೆದು ಓದುತ್ತೇನೆ. ಜಾರುವುದಕ್ಕೆ ಅದು ಕೊಡುವ ಕಾರಣಗಳು ಎಲ್ಲವೂ ಚಾಲಕನಿಂದ ಹೊರಟವು: ಸಂದರ್ಭಕ್ಕೆ ಮೀರಿದ ವೇಗ, ಒರಟು ಸ್ಟೇರಿಂಗ್, ಒರಟು ಆಕ್ಸಿಲರೇಟರ್, ಒಮ್ಮೆಲೇ ಒತ್ತಿದ ಬ್ರೇಕ್. ರಸ್ತೆಯ ಮೇಲೆ ದೂರು ಹೊರಿಸಲು ಅದು ಜಾಗವನ್ನೇ ಕೊಡುವುದಿಲ್ಲ.

ರಸ್ತೆ ಎಂದೊಡನೆ ನನಗೆ ನೀರಿಗಿಂತ ಹುರುಳಿ ನೆನಪಾಗುತ್ತದೆ. ಸುಗ್ಗಿಯ ದಿನಗಳಲ್ಲಿ ತುಮಕೂರು, ಹಾಸನ, ಚಾಮರಾಜನಗರದ ಕಡೆ ಹೋದವರಿಗೆಲ್ಲ ಗೊತ್ತು. ಕಣ ಮಾಡುವ ಜಾಗ, ಆಳು, ಎತ್ತು ಮೂರೂ ಇಲ್ಲದ ರೈತ ರಾಗಿ, ಹುರುಳಿಯನ್ನು ಡಾಂಬರಿನ ಮೇಲೆ ಹರಡಿ ವಾಹನಗಳಿಂದಲೇ ಒಕ್ಕಿಸುತ್ತಾನೆ. ಪೊಲೀಸರು ಎಚ್ಚರಿಸುತ್ತಲೇ ಇದ್ದಾರೆ. ಒಕ್ಕುವ ಕಣ ಊರಿಗೊಂದು ಸಿಗುವವರೆಗೆ ಇದು ನಿಲ್ಲುವುದಿಲ್ಲ. ಹುರುಳಿ ಸೊಪ್ಪಿನ ಮೇಲೆ ಬೈಕಿನವರು ಬೀಳುತ್ತಾರೆ. ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು, ಬಿಸಿ ಎಕ್ಸಾಸ್ಟ್‌ಗೆ ತಗಲಿ ಕಾರಿಗೇ ಬೆಂಕಿ ಹಿಡಿಯುವುದುಂಟು. ಎಬಿಎಸ್ ಇದೆಯೆಂಬ ಧೈರ್ಯವೂ ಇಲ್ಲಿ ನಡೆಯದು. ಬಿಡಿ ಪದಾರ್ಥದ ಮೇಲೆ ಲಾಕ್ ಆದ ಚಕ್ರ ಮುಂದೆ ಗುಡ್ಡೆ ತಳ್ಳಿಕೊಂಡು ನಿಲ್ಲುತ್ತದೆ. ಎಬಿಎಸ್ ಚಕ್ರವನ್ನು ಉರುಳಿಸುತ್ತಲೇ ಇರುವುದರಿಂದ ಆ ಗುಡ್ಡೆ ಕಟ್ಟುವುದಿಲ್ಲ, ದೂರ ಹೆಚ್ಚುತ್ತದೆ. ಸ್ಟೇರಿಂಗ್ ಕೈಯಲ್ಲಿ ಉಳಿಯುತ್ತದೆ, ಅಷ್ಟೇ ಲಾಭ.

ಆದ್ದರಿಂದ ನಿಮ್ಮ ಅಂಗಳದಲ್ಲಿ ಟ್ಯಾಂಕರ್ ನೀರು ತಾಕದ ಒಂದು ಪಟ್ಟಿ ಬಿಡಿ. ಸೊಪ್ಪು, ಹುಲ್ಲು ಬೇಡ, ಬೆಂಕಿಯ ಅಪಾಯ. ಒಣ ಎಂ-ಸ್ಯಾಂಡ್ ತೆಳುವಾಗಿ ಹರಡಿದರೆ ಸಾಕು. ಮೂವತ್ತರ ಮೇಲೆ ಯಾರೂ ಹೋಗದಂತೆ ನೋಡಿಕೊಳ್ಳಿ. ಒಂದು ಸುತ್ತು ಬ್ರೇಕ್ ಒತ್ತಿ, ಇನ್ನೊಂದು ಸುತ್ತು ಮೊದಲೇ ವೇಗ ಇಳಿಸಿ ಬ್ರೇಕ್ ಮುಟ್ಟದೆ ದಾಟಲಿ. ಪ್ರತಿ ನಾಲ್ಕೈದು ಕಾರಿಗೊಮ್ಮೆ ಮರಳನ್ನು ಮತ್ತೆ ಸಮ ಹರಡಲು ಇಬ್ಬರು ಬೇಕು. ಅವರು ನಿಂತಿರುವಾಗ ಯಾವ ಕಾರೂ ಚಾಲೂ ಆಗಿರಬಾರದು.